ಓನರ್ ಅಂಕಲ್ ಆರಿಸಿದ ಎಲೆ

ಹೋದ ತಿಂಗಳು ಹೊಸ ಫೋನ್ ತೆಗೆದುಕೊಂಡೆ. ಹಳೆಯ ಫೋನಿನಲ್ಲಿದ್ದುದೆಲ್ಲ ತಾನಾಗಿಯೇ ಹೊಸದಕ್ಕೆ ಬರುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಬಂತು. ಬೇಕಾದ್ದು ಬೇಡವಾದ್ದು ಎಲ್ಲವೂ ಬಂತು. ಅವುಗಳ ನಡುವೆ ನೀರಹನಿಯ ಚಿತ್ರವಿದ್ದ ಒಂದು ಆ್ಯಪ್. ಏನಿದು ಎಂದು ಮುಟ್ಟಿದರೆ, "ಅಂಕಲ್ ಪೆಟ್ಟಿಗೆ" ಎಂಬ ಹೆಸರು, ಅದರ ಕೆಳಗೆ ಸಂಪರ್ಕ ಇಲ್ಲ ಎಂಬ ಸೂಚನೆ, ಅದರ ಕೆಳಗೊಂದು ಹಸಿರು ಗೆರೆ. ಎರಡು ತಿಂಗಳು ಅರವತ್ತಾರರ ಆಸುಪಾಸಿನಲ್ಲೇ ನೇರವಾಗಿ ಸಾಗಿದ ಗೆರೆ, ಏಪ್ರಿಲ್‌ನ ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂತೆ ನಲವತ್ತೊಂದಕ್ಕೆ ಬಿದ್ದಿತ್ತು.

ಮುಚ್ಚಿಟ್ಟ ಮರದ ಪೆಟ್ಟಿಗೆಯೊಳಗಿನ ತೇವ ಹಾಗೆ ಒಂದೇ ಗಂಟೆಯಲ್ಲಿ ಬೀಳುವುದಿಲ್ಲ. ಈಗ ಆ ಗೆರೆ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಆಗ ನಾನು ಗೆರೆ ನೋಡುತ್ತಿರಲಿಲ್ಲ, ಬರೀ ಅಂಕಿ ನೋಡುತ್ತಿದ್ದೆ...

ಏಳೆಂಟು ವರ್ಷದ ಹಿಂದಿನ ಮಾತು. ವಿಜಯನಗರದ ಮಾರುಕಟ್ಟೆಯ ಗದ್ದಲ ಕೇಳಿಸುವಷ್ಟು ಹತ್ತಿರದ ಒಂದು ಕ್ರಾಸಿನಲ್ಲಿ, ಮೊದಲ ಮಹಡಿಯ ಮನೆಯಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದೆವು. ಕೆಳಗೆ ಓನರ್ ಅಂಕಲ್ ಮತ್ತು ಆಂಟಿ. ಬೆಂಗಳೂರಿನ ಬಾಡಿಗೆದಾರರಿಗೆ ಓನರ್ ಎಂದರೆ ಸಾಮಾನ್ಯವಾಗಿ ನೀರಿನ ಮೋಟರು ಹಾಕಿದ್ದಕ್ಕೆ, ಗೋಡೆಗೆ ಮೊಳೆ ಹೊಡೆದದ್ದಕ್ಕೆ ಗೊಣಗುವ ಪ್ರಾಣಿ. ನಮ್ಮ ಅಂಕಲ್ ಗೊಣಗುತ್ತಿರಲಿಲ್ಲವೆಂದಲ್ಲ. ಆದರೆ ಗೊಣಗಿ ಮುಗಿಸಿದ ಮೇಲೆ, "ಊಟ ಆತೇನವಾ?" ಎಂದು ಕೇಳದೆ ಒಳಗೆ ಹೋಗುತ್ತಿರಲಿಲ್ಲ. ಅವರದು ನಿಪ್ಪಾಣಿ ಕಡೆ. ಇಪ್ಪತ್ತೈದು ವರ್ಷ ಬೆಂಗಳೂರಿನಲ್ಲಿದ್ದರೂ ಇಬ್ಬರ ನಾಲಿಗೆಯೂ ಊರಿನ ಗಡಿ ದಾಟಿರಲಿಲ್ಲ.

ಅಂಕಲ್ ಕೆಲಸ ಮಾಡಿದ್ದು ಒಂದು ತಂಬಾಕು ಕಂಪನಿಯಲ್ಲಿ. ರೈತರು ತಂದ ಎಲೆಯನ್ನು ಮುಟ್ಟಿ, ಮೂಸಿ, ಇದು ಮೊದಲ ದರ್ಜೆ, ಇದು ಎರಡನೆಯದು, ಇದನ್ನು ಮನೆಗೆ ತೆಗೆದುಕೊಂಡು ಹೋಗು ಎಂದು ಹೇಳುವ ಕೆಲಸ. ನಲವತ್ತು ವರ್ಷ ಅದನ್ನೇ ಮಾಡಿದ ಮನುಷ್ಯ ಜೀವನದಲ್ಲಿ ಒಂದು ಬೀಡಿಯನ್ನೂ ಸೇದಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. "ಸೇದವ್ರು ಬ್ಯಾರೆ, ನೋಡವ್ರು ಬ್ಯಾರೆ. ಬಂಗಾರದ ಅಂಗಡ್ಯಾಗ ಕುಂತವ ಬಂಗಾರ ತಿಂತಾನೇನು?" ಎಂದು ನಗುತ್ತಿದ್ದರು. ನಿವೃತ್ತರಾದ ಮೇಲೂ ಊರ ಕಡೆಯಿಂದ ವ್ಯಾಪಾರಿಗಳು ಪೇಪರಿನಲ್ಲಿ ಸುತ್ತಿದ ಎಲೆ ಹಿಡಿದುಕೊಂಡು ಬರುತ್ತಿದ್ದರು. ಅವರು ಬಂದ ದಿನ ಅಂಕಲ್ ಮುಖ ನೋಡಬೇಕು. ಎಲೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಮಡಿಸಿ, ಅದರ ಸದ್ದು ಕೇಳಿ, ಕಣ್ಣುಮುಚ್ಚಿ ಒಂದು ಮಾತು ಹೇಳುತ್ತಿದ್ದರು. ಎಲೆಯ ವಿಷಯದಲ್ಲಿ ಒಂದು ಸಲವೂ ಯಾರ ದಾಕ್ಷಿಣ್ಯಕ್ಕೂ ಸುಳ್ಳು ಹೇಳಿದವರಲ್ಲ. ಖಾಸಾ ಭಾವಮೈದುನನ ಎಲೆಯನ್ನೇ ವಾಪಸು ಕಳಿಸಿ, ಎರಡು ವರ್ಷ ಅತ್ತೆಯ ಮನೆಗೆ ಹೋಗಲಾಗದೆ ಇದ್ದರಂತೆ. ಇದನ್ನು ಆಂಟಿ ಆಗಲೂ ಕ್ಷಮಿಸಿರಲಿಲ್ಲ, ಆದರೆ ಹೇಳುವಾಗ ದನಿಯಲ್ಲಿ ಹೆಮ್ಮೆಯಿರುತ್ತಿತ್ತು.

ಅವರ ಹಾಲ್‌ನ ಗೋಡೆಯ ಗೂಡಿನಲ್ಲಿ ಒಂದು ದೇವದಾರು ಮರದ ಪೆಟ್ಟಿಗೆ ಇತ್ತು. ಮೂಡಲಪಾಳ್ಯದ ಬಡಗಿಯೊಬ್ಬರ ಹತ್ತಿರ ಹೇಳಿ ಮಾಡಿಸಿದ್ದು. ಮುಚ್ಚಳ ಮುಚ್ಚಿದರೆ ಒಳಗಿನ ಗಾಳಿ ಹೊರಗೆ ಬರಬಾರದು, ಹಾಗೆ. ಮೊದಲ ಸಲ ನೋಡಿದಾಗ ದೇವರ ಪೆಟ್ಟಿಗೆ ಎಂದುಕೊಂಡು ಕೈ ಮುಗಿದಿದ್ದೆ. ಒಳಗಿದ್ದದ್ದು ಇಪ್ಪತ್ತೈದು ಸಿಗಾರು. ನಮ್ಮೂರಿನಲ್ಲಿ ಇದಕ್ಕೆ ಚುಟ್ಟಾ ಅಂತೀವಿ ಅಂಕಲ್ ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಆ ಸಿಗಾರುಗಳ ಹಿಂದೆ ಒಂದು ಪಂತವಿತ್ತು. ಕಂಪನಿಯಲ್ಲಿ ಅವರಿಗೆ ಎಲೆ ನೋಡುವುದನ್ನು ಕಲಿಸಿದ ಸೀನಿಯರ್ ಒಬ್ಬರು ರಾಜಾಜಿನಗರದಲ್ಲಿದ್ದರು. ನಿಮ್ಮ ಕಡೆಯ ಎಲೆ ಬೀಡಿಗೆ ಸರಿ, ಸಿಗಾರಿಗೆ ಆಗದು, ಐದು ವರ್ಷ ಪೆಟ್ಟಿಗೆಯಲ್ಲಿಟ್ಟರೆ ಸತ್ತುಹೋಗುತ್ತದೆ ಎಂದು ಅವರ ವಾದ. ಆಗುತ್ತದೆ, ಎಲೆ ಆರಿಸುವವನ ಕೈ ಸರಿಯಿರಬೇಕು ಅಷ್ಟೇ ಎಂದು ಅಂಕಲ್ ವಾದ. ದುಡ್ಡಿನ ಪಂತವಲ್ಲ, ಬರೀ ಮಾತಿನದು. ಅಂಕಲ್ ತಮಗೆ ಗೊತ್ತಿದ್ದ ರೈತರೊಬ್ಬರ ಹೊಲಕ್ಕೆ ಹೋಗಿ, ನೆರಳಿನಲ್ಲಿ ಒಣಗಿಸಿದ ಎಲೆಯನ್ನು ಒಂದೊಂದಾಗಿ ಆರಿಸಿ, ತಮಿಳುನಾಡಿನಲ್ಲಿ ಪರಿಚಯದವರ ಹತ್ತಿರ ಸುತ್ತಿಸಿಕೊಂಡು ಬಂದಿದ್ದರು. ಐದನೆಯ ವರ್ಷದ ಮೇ ತಿಂಗಳಲ್ಲಿ ಸೀನಿಯರ್ ಬಂದು ಪೆಟ್ಟಿಗೆ ತೆಗೆದು, ಒಂದನ್ನು ಹಚ್ಚಿ, ತೀರ್ಪು ಹೇಳಬೇಕು. ನಾವು ಆ ಮನೆಗೆ ಹೋದಾಗ ನಾಲ್ಕು ವರ್ಷ ಮುಗಿದಿತ್ತು.

ಸಿಗಾರನ್ನು ಕಾಯುವುದು ಹಸಿ ಬಾಣಂತಿಯನ್ನು ನೋಡಿಕೊಂಡ ಹಾಗೆ ಎನ್ನುತ್ತಿದ್ದರು ಆಂಟಿ, ಅಸೂಯೆಯಿಂದಲೇ. ಒಣಗಿದರೆ ಪುಡಿಯಾಗುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಎರಡರ ನಡುವಿನ ಹದ ಅಂಕಲ್ ಬೆರಳ ತುದಿಯಲ್ಲಿತ್ತು. ಪೆಟ್ಟಿಗೆಯೊಳಗೆ ತೂತಿನ ಸೋಪು ಡಬ್ಬಿ, ಅದರಲ್ಲಿ ಸ್ಪಂಜು, ಸ್ಪಂಜಿಗೆ ಬ್ಯಾಟರಿ ಅಂಗಡಿಯಿಂದ ತಂದ ಶುದ್ಧ ನೀರು. ದಿನಾ ಲಿಂಗಪೂಜೆ ಮುಗಿಸಿ ಬಂದು ಒಂದು ಸಿಗಾರನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ, ಇವತ್ತು ನಾಲ್ಕು ಹನಿ, ಇವತ್ತು ಬೇಡ ಎಂದು ನಿರ್ಧರಿಸುತ್ತಿದ್ದರು.

ಕೊನೆಯ ವರ್ಷ ಆ ಬೆರಳುಗಳೇ ಕೈಕೊಟ್ಟವು. ಸಕ್ಕರೆ ಕಾಯಿಲೆ. ಮೊದಲು ಕಾಲಿಗೆ ಜೋಮು, ಆಮೇಲೆ ಕೈಗೆ. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅಂಕಲ್ ಜಗುಲಿಯ ಮೇಲೆ ಕುಳಿತು ಹೆಬ್ಬೆರಳಿಗೆ ತೋರುಬೆರಳನ್ನು ಉಜ್ಜುತ್ತಿದ್ದರು. ಏನಾಯ್ತು ಅಂಕಲ್ ಎಂದೆ.

"ಏನೂ ತಿಳಿವಲ್ದವಾ. ಹತ್ತಿ ಹಿಡಕೊಂಡಂಗ ಆಗತೈತಿ," ಎಂದರು. ಆಮೇಲೆ ತಲೆ ಎತ್ತಲಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಬಸವೇಶ್ವರನಗರದ ಒಂದು ಔಷಧಿ ಗೋದಾಮಿನಲ್ಲಿ. ಬೆಳಿಗ್ಗೆ ಹೋದ ಕೂಡಲೇ ಉಷ್ಣಾಂಶ ಎಷ್ಟು, ತೇವ ಎಷ್ಟು ಎಂದು ಬರೆದಿಡುವುದು ನನ್ನ ಮೊದಲ ಕೆಲಸ. ಗೋಡೆಯ ಮೇಲೆ ಮೀಟರು, ಕೈಯಲ್ಲಿ ರಿಜಿಸ್ಟರು. ಅಂಕಿಯೇ ದೇವರು ಎಂದು ನಂಬಿದ್ದ ವಯಸ್ಸು. ಇದಕ್ಕೇನು ಮಹಾ ಎಂದುಕೊಂಡು, ಪೆಟ್ಟಿಗೆಯೊಳಗೆ ಇಟ್ಟು ತೇವ ಅಳೆಯುವ ವೈರ್‌ಲೆಸ್ ಹೈಗ್ರೋಮೀಟರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಬೆಂಕಿಪೊಟ್ಟಣದಷ್ಟೇ ದೊಡ್ಡದು, ಬಿಳಿ ಬಣ್ಣ, ಮೈಮೇಲೆ ಪುಟ್ಟ ಅಂಕಿ. ಪೆಟ್ಟಿಗೆ ಮುಚ್ಚಿಯೇ ಇದ್ದರೂ ಒಳಗಿನ ತೇವ ಫೋನಿಗೆ ಬರುತ್ತದೆ, ತೆಗೆದು ಮುಟ್ಟುವ ಅಗತ್ಯವೇ ಇಲ್ಲ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕವಾ?" ಎಂದರು ಅಂಕಲ್. ಹೇಳಿದ ಮೇಲೆ ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ, "ಇರ್ಲಿ, ಕೊಡು" ಎಂದು ಇಸಿದುಕೊಂಡರು.

ಹೊಸ ಮೀಟರನ್ನು ಹಾಗೇ ನಂಬಬಾರದು, ಪರೀಕ್ಷೆ ಮಾಡಬೇಕು. ಅದಕ್ಕೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆಯಾಗುವಷ್ಟು ನೀರು ಬಿಟ್ಟು, ಮೀಟರಿನ ಜೊತೆ ಒಂದು ಬಿಗಿ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಮರುದಿನಕ್ಕೆ ಅದು ಎಪ್ಪತ್ತೈದು ತೋರಿಸಬೇಕು. ಆಂಟಿಯ ಅಡುಗೆಮನೆಯಲ್ಲಿ, ಆಂಟಿಯ ಡಬ್ಬಿಯಲ್ಲಿ, ಆಂಟಿಯ ಉಪ್ಪಿನಲ್ಲಿಯೇ ಈ ಪರೀಕ್ಷೆ ನಡೆಯಿತು. ಅದು ಎಪ್ಪತ್ಮೂರು ತೋರಿಸಿತು. ಹಾಗಾದರೆ ಯಾವಾಗಲೂ ಎರಡು ಸೇರಿಸಿ ಹೇಳಬೇಕು ಎಂದು ತೀರ್ಮಾನವಾಯಿತು. ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲವನ್ನೂ ನೋಡಿದರು.

"ಅಂದ್ರ ಈ ಕಡ್ಡಿಪೆಟ್ಟಿಗಿ ಹಸಿ ಐತೋ ಒಣಗೈತೋ ಹೇಳತೈತೇನ?"

"ಹೂಂ ಆಂಟಿ. ಅಂಕಿ ಜಾಸ್ತಿ ಇದ್ರೆ ಹಸಿ, ಕಮ್ಮಿ ಇದ್ರೆ ಒಣ."

"ಛಲೋ ಆತು ಬಿಡು," ಎಂದರು ಆಂಟಿ. ಆ ಮಾತಿನೊಳಗೆ ಅವರ ಲೆಕ್ಕ ಬೇರೆಯೇ ಇತ್ತೆಂದು ನನಗೆ ಹೊಳೆಯಲಿಲ್ಲ.

ಮೀಟರನ್ನು ಪೆಟ್ಟಿಗೆಯ ತಳದ ಮೂಲೆಯಲ್ಲಿ, ಎರಡು ಸಾಲು ಸಿಗಾರುಗಳ ನಡುವಿನ ತೆಳು ಹಲಗೆಯ ಕೆಳಗೆ ಇಟ್ಟೆವು. ಸ್ಪಂಜಿನ ಡಬ್ಬಿ ಮೇಲೆ. ಅಂಕಲ್ ಬಳಿ ಗುಂಡಿ ಒತ್ತುವ ಫೋನು, ಹೀಗಾಗಿ ಆ್ಯಪ್ ಬಂದದ್ದು ನನ್ನ ಫೋನಿಗೆ. ಅಂದಿನಿಂದ ನಮ್ಮಿಬ್ಬರ ಬೆಳಗಿನ ಪಾಠ ಶುರುವಾಯಿತು. ನಾನು ಬ್ಯಾಗು ಹಾಕಿಕೊಂಡು ಮೆಟ್ಟಿಲ ಮಧ್ಯದವರೆಗೆ ಇಳಿದು, ಅಲ್ಲಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ನಿಲ್ಲುತ್ತಿದ್ದೆ. ಕೆಳಗಿನಿಂದ ಪ್ರಶ್ನೆ ಬರುತ್ತಿತ್ತು.

"ನಮ್ಮ ರೇಡಿಯೋ, ಎಷ್ಟೈತವಾ ಇವತ್ತ?"

"ಅರವತ್ತೆಂಟು, ಅಂಕಲ್!"

"ಆತು, ಹೋಗಿ ಬಾ."

ಇಷ್ಟೇ. ಅರ್ಧ ನಿಮಿಷವೂ ಇಲ್ಲ. ಆದರೆ ಅದಿಲ್ಲದೆ ಬಸ್ಸು ಹತ್ತಿದ ದಿನ ಏನೋ ಮರೆತು ಬಂದ ಹಾಗೆ ಇರುತ್ತಿತ್ತು. ಭಾನುವಾರವೂ ಎಂಟು ಗಂಟೆಗೆ ಎದ್ದು ಮೆಟ್ಟಿಲ ಮೇಲೆ ನಿಂತು ಅಂಕಿ ಕೂಗುತ್ತಿದ್ದೆ. ನಿನಗೆ ಹುಚ್ಚು ಎಂದು ಅಮ್ಮ ಬೈಯುತ್ತಿದ್ದಳು. ಇರಬಹುದು. ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದವರು. ಬೆಳಿಗ್ಗೆ ಒಬ್ಬರು ನನಗಾಗಿ ಕಾದು, ನನ್ನ ಮಾತು ಕೇಳಿ, ಹೋಗಿ ಬಾ ಎನ್ನುವುದು ನನಗೆ ಹೊಸದಾಗಿತ್ತು.

ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಅಂಕಿ ನಲವತ್ಮೂರು ಎಂದು ನಾನು ಕೂಗಿದೆ. ನಲವತ್ತೊಂದು ತೋರಿಸುತ್ತಿತ್ತು, ಎರಡು ಸೇರಿಸಿದ್ದೆ.

ಅಂಕಲ್ ಹೊರಗೆ ಬಂದರು. "ಏನಂದಿ?"

"ನಲವತ್ಮೂರು. ತುಂಬಾ ಒಣಗಿಬಿಟ್ಟಿದೆ ಅಂಕಲ್. ಬಿಸಿಲು ನೋಡಿ ಹೆಂಗಿದೆ."

ಬಿಸಿಲು ಜೋರಾಗಿಯೇ ಇತ್ತು. ತಾರಸಿಯ ಮೇಲೆ ಹಾಕಿದ ಸಂಡಿಗೆ ಒಂದೇ ದಿನದಲ್ಲಿ ಒಣಗುತ್ತಿದ್ದ ಕಾಲ. ಅಂಕಲ್ ಪೆಟ್ಟಿಗೆಯ ಮುಚ್ಚಳ ಎತ್ತಿ ಸ್ಪಂಜಿಗೆ ಹತ್ತು ಹನಿ ನೀರು ಬಿಟ್ಟರು. ಮರುದಿನ ನಲವತ್ತೆರಡು. ಇನ್ನೂ ಹತ್ತು ಹನಿ. ಅದರ ಮರುದಿನವೂ ಅಷ್ಟೇ. ವಾರ ಕಳೆಯಿತು. ಸ್ಪಂಜು ಒಂದಿದ್ದದ್ದು ಎರಡಾಯಿತು. ಅಂಕಿ ಮಾತ್ರ ಕದಲಲಿಲ್ಲ.

ಒಂದು ಬೆಳಿಗ್ಗೆ ಅಂಕಲ್ ಮುಚ್ಚಳ ತೆಗೆದು ಮೂಗು ಇಟ್ಟು ಬಹಳ ಹೊತ್ತು ನಿಂತರು. ನಾನು ಮೆಟ್ಟಿಲ ಮೇಲೆ ಬಸ್ಸಿನ ಹೊತ್ತು ನೋಡಿಕೊಳ್ಳುತ್ತಿದ್ದೆ.

"ವಾಸನಿ ಬ್ಯಾರೆ ಹೇಳಾಕತ್ತೈತವಾ," ಎಂದರು. "ಒಣಗಿದ ವಾಸನಿ ಅಲ್ಲ ಇದು. ಕೆಳಗಿನ ಸಾಲು ಒಮ್ಮೆ ತಗದ ನೋಡ್ಲೇನು?"

"ಬೇಡ ಅಂಕಲ್, ಪದೇ ಪದೇ ತೆಗೆದ್ರೆ ಇರೋ ತೇವಾನೂ ಹೋಗುತ್ತೆ. ನಿಮಗೆ ನೆಗಡಿ ಬೇರೆ ಆಗಿದೆ. ಮಷಿನ್ ಸುಳ್ಳು ಹೇಳಲ್ಲ, ನೀರು ಹಾಕಿ."

ಆ ದನಿ ನನಗೆ ಇಂದಿಗೂ ಕೇಳಿಸುತ್ತದೆ. ಎಷ್ಟು ಧೈರ್ಯ, ಎಷ್ಟು ಅವಸರ! ನಲವತ್ತು ವರ್ಷ ಎಲೆ ಮೂಸಿದ ಮೂಗಿಗೆ, ನಾಲ್ಕು ವರ್ಷ ರಿಜಿಸ್ಟರು ಬರೆದ ನಾನು ಬುದ್ಧಿ ಹೇಳಿದೆ. ಅಂಕಲ್ ನನ್ನನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು. ಕೈ ಹೋದವನಿಗೆ ಮೂಗಿನ ಮೇಲೆ ಎಷ್ಟು ನಂಬಿಕೆ ಉಳಿದೀತು? "ನೀ ಹೇಳತಿ ಅಂದ್ರ ಖರೇನ ಇರಬೇಕು," ಎಂದು ನೀರು ಹಾಕಿದರು.

ಮೇ ತಿಂಗಳ ಆ ಭಾನುವಾರ ಸೀನಿಯರ್ ಬಂದರು. ಬಿಳಿ ಮೀಸೆ, ಕೈಯಲ್ಲಿ ಕೋಲು, ಇಸ್ತ್ರಿಯ ಮಡಿಕೆ ಮುರಿಯದ ಅಂಗಿ. ವಾರದ ಹಿಂದೆ ಅಂಕಲ್ ಜೊತೆ ಆಟೋದಲ್ಲಿ ಹೋಗಿ ಅವರನ್ನು ಕರೆದು ಬಂದವಳು ನಾನೇ, ಹಾಗಾಗಿ ನನಗೂ ಕರೆ ಇತ್ತು. ಆಂಟಿ ಇಳಕಲ್ ಸೀರೆ ಉಟ್ಟಿದ್ದರು. ಅಂಕಲ್ ಹೊಸ ಪಂಚೆಯಲ್ಲಿ ಮದುಮಗನ ಹಾಗಿದ್ದರು. "ಕುಂಡ್ರಿ ಸಾಹೇಬ್ರ, ಕುಂಡ್ರಿ," ಎಂದು ನಾಲ್ಕು ಸಲ ಹೇಳಿ, ತಾವು ಕೂರಲು ಮರೆತರು.

ಪೆಟ್ಟಿಗೆ ಟೀಪಾಯಿಗೆ ಬಂತು. ಮೇಲಿನ ಸಾಲು ಸ್ವಲ್ಪ ಮೆತ್ತಗಿತ್ತು. ಅಂಕಲ್ ಸ್ಪಂಜಿನ ಡಬ್ಬಿ ಎತ್ತಿಟ್ಟು, ನಡುವಿನ ಹಲಗೆಯನ್ನು ತೆಗೆದರು. ಕೆಳಗಿನ ಸಾಲಿನ ಮೇಲೆ ಬಿಳಿ ಬೂಷ್ಟು, ಹಳೆಯ ಉಪ್ಪಿನಕಾಯಿಯ ಮೇಲೆ ಕಟ್ಟುತ್ತದಲ್ಲ, ಅಂಥದು. ಒಂದೂ ಬಿಟ್ಟಿರಲಿಲ್ಲ.

ಅಂಕಲ್ ಬಗ್ಗಿ, ಒಂದು ಸಿಗಾರನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು, ಅದರ ತುದಿಯನ್ನು ಬಿಡಿಸಿ ಒಳಗಿನ ಎಲೆ ನೋಡಿದರು. ಸೀನಿಯರ್ ಕೂಡ ಒಂದನ್ನು ಎತ್ತಿಕೊಂಡು ಹಾಗೆಯೇ ಮಾಡಿದರು. ನೀರು, ನೀರು, ನಾನೇ ಹಾಕಿಸಿದ ನೀರು...

"ಏನಯ್ಯಾ ಇದು?" ಎಂದರು ಸೀನಿಯರ್. "ಎಲೆಯೋ, ನೀರೋ?"

ಅಂಕಲ್ ತಲೆ ಎತ್ತಿ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸೀನಿಯರ್ ಕಡೆ ತಿರುಗಿದರು.

"ಎಲಿ, ಸಾಹೇಬ್ರ. ಎಲಿನೇ ಸರಿ ಇರಲಿಲ್ಲ. ನಾ ಆರಿಸಿದ್ದ ತಪ್ಪಾತು. ನೀವ ಹೇಳಿದ್ದ ಖರೇ ಆತು."

ಅಲ್ಲಿ ನಿಲ್ಲಲಾಗದೆ ನಾನು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಎಣ್ಣೆ ಕಾದಿತ್ತು. ಬಂದವರಿಗೆ ಕರಿದು ಕೊಡಲೆಂದು ಆಂಟಿ ಹೊಸ ಸಂಡಿಗೆಯ ಪ್ಲಾಸ್ಟಿಕ್ ಡಬ್ಬ ತೆಗೆದು ಕೈ ಹಾಕಿದರು. ಸಂಡಿಗೆಯ ಜೊತೆ ಅವರ ಕೈಗೆ ಬಂದದ್ದು ಆ ಬಿಳಿ ಮೀಟರು. ನಲವತ್ತು ಎಂದು ತೋರಿಸುತ್ತಿತ್ತು. ಪೆಟ್ಟಿಗೆಯ ಮೂಲೆ ಖಾಲಿಯಿದ್ದದ್ದನ್ನು ಬೂಷ್ಟಿನ ಗಾಬರಿಯಲ್ಲಿ ನಾನು ಗಮನಿಸಿರಲಿಲ್ಲ.

"ಅಯ್ಯ, ಇದ ಇಲ್ಲೇ ಐತಿ ನೋಡು," ಎಂದು ಆಂಟಿ ನಕ್ಕರು. "ಸಂಡಿಗಿ ಪೂರಾ ಒಣಗ್ಯಾವೋ ಇಲ್ಲೋ ನೋಡೂಣಂತ ಎರಡ ದಿನಕ್ಕ ತಂದಿಟ್ಟಿದ್ನಿ. ಮರತಬಿಟ್ಟೆ ನೋಡವಾ. ಹೋದ ವರ್ಷ ಎಲ್ಲಾ ಮುಗ್ಗಲ ಹಿಡದ ಹೋಗಿದ್ವು... ಯಾಕವಾ, ಹಂಗ್ಯಾಕ ನಿಂತಿ? ಏನರ ತಪ್ಪಾತೇನ?"

ಮೂರು ವಾರ ನಾನು ಮೆಟ್ಟಿಲ ಮೇಲೆ ನಿಂತು ಕೂಗಿದ್ದು ಸಂಡಿಗೆಯ ಅಂಕಿಯನ್ನು. ಅಂಕಲ್ ಆ ಅಂಕಿ ನಂಬಿ ತಮ್ಮ ಸಿಗಾರಿಗೆ ನೀರು ಹಾಕಿದ್ದರು. ನಗು ಬರಬೇಕಾದ ಸಂಗತಿ. ಬೇರೆ ಯಾರದಾದರೂ ಮನೆಯಲ್ಲಿ ನಡೆದಿದ್ದರೆ ನಾನೂ ಬಿದ್ದು ಬಿದ್ದು ನಗುತ್ತಿದ್ದೆ.

"ಏನಿಲ್ಲ ಆಂಟಿ. ಏನೂ ತಪ್ಪಾಗಿಲ್ಲ," ಎಂದು ಮೀಟರನ್ನು ಮುಷ್ಟಿಯೊಳಗೆ ತೆಗೆದುಕೊಂಡೆ.

ಆಗಲೇ ಹಾಲಿಗೆ ಹೋಗಿ ಹೇಳಬಹುದಿತ್ತು. ನಾಲ್ಕು ಹೆಜ್ಜೆ ಅಷ್ಟೇ. ಹೇಳಿದ್ದರೆ ಅಂಕಲ್ ಆರಿಸಿದ ಎಲೆಯ ಮಾನ ಉಳಿಯುತ್ತಿತ್ತು. ಆದರೆ ಹೇಳಿದ್ದರೆ ಆಂಟಿ ಜೀವನವಿಡೀ ಕೊರಗುತ್ತಿದ್ದರು, ಅಂಕಲ್ ಅವರ ಮೇಲೆ ಎಗರಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಗಂಡ ಹೆಂಡಿರ ನಡುವೆ ಬೆಂಕಿ ಹಚ್ಚುವುದು ಬೇಡ ಎಂದುಕೊಂಡೆ. ದೊಡ್ಡ ಮನಸ್ಸಿನ ಮಾತು. ಅದರ ಅಡಿಯಲ್ಲಿ ಸಣ್ಣದೊಂದು ಮಾತೂ ಇತ್ತು. ಕೆಳಗಿನ ಸಾಲು ತೆಗೆದು ನೋಡಲೇ ಎಂದು ಅವರು ಕೇಳಿದಾಗ ಬೇಡವೆಂದವಳು ನಾನು. ಅದು ಹೊರಗೆ ಬರುವುದು ನನಗೆ ಬೇಕಿರಲಿಲ್ಲ. ನಾನು ಸಂಡಿಗೆಯ ತಟ್ಟೆ ಹಿಡಿದು ಹಾಲಿಗೆ ಹೋದೆ. ಯಾರೂ ತಿನ್ನಲಿಲ್ಲ.

ಸಿಗಾರುಗಳನ್ನು ಅಂಕಲ್ ತೆಂಗಿನ ಗಿಡದ ಬುಡದಲ್ಲಿ ಹೂತರು. ಮರುದಿನ ಬೆಳಿಗ್ಗೆ ನಾನು ಮೆಟ್ಟಿಲ ಮಧ್ಯದಲ್ಲಿ ಅಭ್ಯಾಸಬಲದಿಂದ ನಿಂತೆ. ಕೆಳಗಿನಿಂದ ಪ್ರಶ್ನೆ ಬರಲಿಲ್ಲ. ಅವರು ಜಗುಲಿಯಲ್ಲೇ ಇದ್ದರು. "ಹೋಗಿ ಬಾರವಾ," ಎಂದರು, ಮೊದಲಿನಷ್ಟೇ ಪ್ರೀತಿಯಿಂದ. ಮೀಟರಿನ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅದಾದ ಮೇಲೆ ಊರಿನಿಂದ ಎಲೆ ತಂದವರನ್ನೆಲ್ಲ ಅಂಕಲ್ ಗೇಟಿನಿಂದಲೇ ಕಳಿಸತೊಡಗಿದರು. "ನಾ ಇನ್ನ ಎಲಿ ಮಾತ ಆಡಬಾರ್ದರಿ, ಬ್ಯಾರೆಯವ್ರಿಗೆ ತೋರಸ್ರಿ." ಕೊನೆಗೆ ಯಾರೂ ಬರದಾದರು. ಪೇಪರಿನ ಪೊಟ್ಟಣಗಳಿಲ್ಲದ ಆ ಜಗುಲಿಯಲ್ಲಿ ಅವರು ಸುಮ್ಮನೆ ಕುಳಿತಿರುವುದನ್ನು ನೋಡುವಾಗೆಲ್ಲ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಸಂಜೆ ಬಂದು ಹೇಳೋಣ, ಭಾನುವಾರ ಹೇಳೋಣ... ಒಂದು ವರ್ಷ ಹಾಗೆಯೇ ಹೋಯಿತು. ಆಷಾಢದ ಒಂದು ಮಧ್ಯಾಹ್ನ ನಾನು ಗೋದಾಮಿನಲ್ಲಿದ್ದಾಗ ಅಮ್ಮನ ಫೋನು ಬಂತು. ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ಲಿಂಗಾಯತರ ಪದ್ಧತಿಯಂತೆ ಅವರನ್ನು ಕೂರಿಸಿದ್ದರು. ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ನಾನು ಮೂಲೆಯಲ್ಲಿ ನಿಂತಿದ್ದೆ. ಆಂಟಿ ಮನೆ ಮಾರಿ ಕೆಂಗೇರಿ ಉಪನಗರದಲ್ಲಿದ್ದ ತಂಗಿಯ ಮನೆಗೆ ಹೋದರು. ನಾವೂ ಮನೆ ಬದಲಾಯಿಸಿದೆವು.

ಹೊಸ ಫೋನಿನಲ್ಲಿ ಆ ಗೆರೆ ನೋಡಿದ ಮೇಲೆ ನಾಲ್ಕು ದಿನ ನಿದ್ದೆ ಸರಿಬರಲಿಲ್ಲ. ಐದನೆಯ ದಿನ ರಾಜಾಜಿನಗರಕ್ಕೆ ಹೋದೆ. ಸೀನಿಯರ್ ಇದ್ದರು. ಎಂಬತ್ತೈದು ದಾಟಿರಬೇಕು, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚುರುಕು. ಗುರುತು ಹೇಳುವ ಮೊದಲೇ, "ವಿಜಯನಗರದ ಮೇಲಿನ ಮನೆ ಹುಡುಗಿ ಅಲ್ವಾ? ಬಾಮ್ಮ," ಎಂದರು. ನಾನು ಕೂತ ಕೂಡಲೇ ಎಲ್ಲವನ್ನೂ ಹೇಳಿದೆ. ಸಂಡಿಗೆ ಡಬ್ಬ, ಮೀಟರು, ನೀರು, ಮೂಗು ನಂಬಬೇಡಿ ಎಂದದ್ದು. ಅಂಕಲ್ ಆರಿಸಿದ ಎಲೆಯದು ತಪ್ಪಿರಲಿಲ್ಲ ಸಾರ್, ಅದೊಂದನ್ನು ನಿಮಗೆ ಹೇಳಬೇಕಿತ್ತು ಎಂದೆ.

ಸಂಡಿಗೆಯ ಮಾತಿಗೆ ಅವರು ಮೀಸೆಯಡಿ ನಕ್ಕರು. ಆಮೇಲೆ ನಗು ನಿಂತಿತು.

"ಸಂಡಿಗೆ ವಿಚಾರ ನನಗೆ ಗೊತ್ತಿರಲಿಲ್ಲಮ್ಮ. ನೀರು ಅಂತ ಅವತ್ತೇ ಗೊತ್ತಿತ್ತು. ಎಲೆದೇ ದೋಷ ಆಗಿದ್ರೆ ಒಳಗಿನಿಂದ ಕಪ್ಪಾಗುತ್ತೆ, ಹುಳಿ ವಾಸನೆ ಬರುತ್ತೆ. ನೀರು ಜಾಸ್ತಿಯಾದ್ರೆ ಬೂಷ್ಟು ಮೇಲಿಂದ ಹಿಡಿಯುತ್ತೆ. ಕೆಲಸಕ್ಕೆ ಸೇರಿ ಹತ್ತು ದಿನ ಆದವನಿಗೂ ಇದು ಗೊತ್ತಾಗುತ್ತೆ."

"ಹಾಗಾದ್ರೆ ಅಂಕಲ್‌ಗೆ?"

"ಅವನಿಗೆ ಗೊತ್ತಾಗದೇ ಇರುತ್ತಾ? ತುದಿ ಬಿಡಿಸಿ ನೋಡಿದ್ನಲ್ಲ. ಒಳಗೆ ಎಲೆ ಎಷ್ಟು ಚೆನ್ನಾಗಿತ್ತು! ನೋಡಿದ. ಆಮೇಲೆ ನಿನ್ನ ಮುಖ ನೋಡಿದ. ನೀನು ಇನ್ನೇನು ಅತ್ತುಬಿಡೋ ಹಾಗೆ ನಿಂತಿದ್ದೆ. ಎಲೆ ಅಂತ ಅಂದ." ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. "ಎಲೆ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದು ಅದೊಂದೇ ಸಲ. ಅದಾದ ಮೇಲೆ ಯಾರ ಎಲೆನೂ ನೋಡಲಿಲ್ವಂತಲ್ಲ. ಸುಳ್ಳು ಹೇಳಿದ ಬಾಯಲ್ಲಿ ಇನ್ನೊಬ್ಬರ ಎಲೆಗೆ ತೀರ್ಪು ಹೇಳಬಾರದು ಅಂದ್ಕೊಂಡಿರ್ತಾನೆ. ಅಂಥ ಹಟಮಾರಿ."

ಸೋತು ಕುಳಿತಿದ್ದಾರೆ ಎಂದು ವರ್ಷವಿಡೀ ನಾನು ಮರುಗಿದ ಮನುಷ್ಯ, ನನ್ನ ಮುಖ ಉಳಿಸಲು ತಮ್ಮ ನಲವತ್ತು ವರ್ಷದ ಮಾತನ್ನು ಕೊಟ್ಟು ಕುಳಿತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ, ನೋಡುತ್ತಿದ್ದೆ, ನನಗೆ ತಿಳಿಯಲಿಲ್ಲ.

ಸೀನಿಯರ್ ತಗ್ಗಿದ ದನಿಯಲ್ಲಿ ಹೇಳಿದರು. "ಹೊರಡುವಾಗ ಒಂದನ್ನ ಕರ್ಚೀಫಲ್ಲಿ ಸುತ್ಕೊಂಡು ಬಂದಿದ್ದೆ. ಬೂಷ್ಟು ಒರೆಸಿ, ಎರಡು ತಿಂಗಳು ಆರಲು ಬಿಟ್ಟು, ಹಚ್ಚಿದೆ. ನನ್ನ ಜೀವಮಾನದಲ್ಲಿ ಅಂಥ ಸಿಗಾರು ಸೇದಿಲ್ಲಮ್ಮ. ಅವನು ಗೆದ್ದಿದ್ದ."

"ಅವರಿಗೆ ಹೇಳಿದ್ರಾ ಸಾರ್?"

ಅವರು ಕಿಟಕಿಯ ಕಡೆ ನೋಡಿದರು. "ಅವತ್ತು ನಿನಗೋಸ್ಕರ ಸುಮ್ಮನಿದ್ದೆ. ಆಮೇಲೆ ಒಂದು ವರ್ಷ ನನಗೋಸ್ಕರ ಸುಮ್ಮನಿದ್ದೆ. ಅವನ ಎದುರಿಗೆ ನಾನು ಗೆದ್ದಿದ್ದು ಅದೊಂದೇ ಸಲ..."

ಅವರ ಮೇಲೆ ಸಿಟ್ಟು ಬಂತು. ಒಂದು ಮಾತು, ಒಂದು ಫೋನು ಸಾಕಿತ್ತು. ಆಮೇಲೆ, ಆ ಮಾತು ಹೇಳದೇ ಇದ್ದವರು ಅವರೊಬ್ಬರೇ ಅಲ್ಲವಲ್ಲ ಎಂದು ನೆನಪಾಗಿ ತಲೆ ತಗ್ಗಿಸಿದೆ.

ಮರುದಿನ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಆಂಟಿ ಬಹಳ ಕುಗ್ಗಿದ್ದರು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ನನ್ನ ಕೆನ್ನೆ ಸವರಿ, ಅಮ್ಮನನ್ನು ವಿಚಾರಿಸಿ, ಅವಲಕ್ಕಿ ತಿನ್ನಿಸಿದರು. ಸಂಡಿಗೆಯ ಮಾತು ನಾನು ಎತ್ತಲಿಲ್ಲ. ಎತ್ತುವುದೂ ಇಲ್ಲ. ಸೀನಿಯರ್ ಸೇದಿ ನೋಡಿದ್ದನ್ನು ಮಾತ್ರ ಹೇಳಿದೆ.

"ಅಂಕಲ್ ಆರಿಸಿದ ಎಲೆ ಸರಿಯಾಗೇ ಇತ್ತು ಆಂಟಿ. ಅವರೇ ಗೆದ್ದಿದ್ರು."

ಆಂಟಿಗೆ ಏನೂ ಆಶ್ಚರ್ಯವಾಗಲಿಲ್ಲ. "ಅದರಾಗೇನೈತವಾ? ಅವ್ರ ಎಂದರ ತಪ್ಪ ಎಲಿ ಆರಿಸ್ಯಾರೇನ? ಆವತ್ತ ಏನ ತಿಳದ ಹಂಗಂದ್ರೋ ಏನೋ," ಎಂದು ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು. ಹಾಕುತ್ತ ಕೈ ನಿಂತಿತು.

"ಇದನ್ನ ಅವ್ರಿಗೆ ಹೇಳಬೇಕಿತ್ತಲ್ಲವಾ ನೀ. ಭಾಳ ಹಿಗ್ಗತಿದ್ರು."

"ಹೌದು ಆಂಟಿ," ಎಂದೆ. "ಹೇಳಬೇಕಿತ್ತು."